ತೂಕದ ಕಟ್ಟೆಯ ಮೇಲೆ ಮೂವತ್ತು ಕಿಲೋ

ತೂಗುವ ಕೆಲಸದವನಿಗೆ ಒಂದು ಅಹಂಕಾರ ಇರುತ್ತದೆ. ಉಳಿದವರೆಲ್ಲ ಅಂದಾಜಿನ ಮೇಲೆ ಬದುಕುತ್ತಾರೆ, ತಾನೊಬ್ಬನೇ ಖಚಿತ ಎಂಬ ಅಹಂಕಾರ. ನನಗದು ತುಸು ಜಾಸ್ತಿಯೇ ಇತ್ತು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಗಡಿಯಾಚೆಯ ಸಾಂಕೋಲೆ ಎಂಬ ಊರಿನ ಲಾರಿ ತೂಗುವ ಕಟ್ಟೆಯಲ್ಲಿ ಗುಮಾಸ್ತನಾದವನು ನಾನು. ಅದಿರಿನ ಲಾರಿಗಳು ಇರುವೆಸಾಲಿನಂತೆ ಹರಿಯುತ್ತಿದ್ದ ಕಾಲ. ಲಾರಿ ಕಬ್ಬಿಣದ ಹಾಸಿನ ಮೇಲೆ ನಿಂತರೆ ನನ್ನ ಕೋಣೆಯೊಳಗೆ ಕೆಂಪು ಅಂಕಿ ಹೊಳೆಯುತ್ತಿತ್ತು, ನಾನು ಚೀಟಿ ಹರಿದು ಕೊಡುತ್ತಿದ್ದೆ. ಮನೆಯಲ್ಲಿ ಹೆಂಡತಿ ಶೈಲಾ ಸಾರಿಗೆ ಉಪ್ಪು ಹಾಕಿದರೂ ಎಷ್ಟು ಗ್ರಾಂ ಎಂದು ಕೇಳುವ ಮಟ್ಟಿಗೆ ಈ ಚಟ ಬೆಳೆದಿತ್ತು. "ತೂಗಾಕ ನಾಲಿಗಿ ಐತಲ್ರಿ" ಎನ್ನುತ್ತಿದ್ದಳು ಅವಳು, ಒಲೆಯಿಂದ ಮುಖ ತಿರುಗಿಸದೆ.

ಇಂಥವನಿಗೆ ಯಾವ ತಕ್ಕಡಿಯ ಮೇಲೂ ಅರೆಕ್ಷಣ ನಿಲ್ಲದ ಮಗಳು ಹುಟ್ಟಿದಳು. ಪಲ್ಲವಿಗೆ ಎಂಟು ವರ್ಷವಿದ್ದಾಗ ಡಾಕ್ಟರಮ್ಮ ಅವಳ ಚಡಪಡಿಕೆಗೆ ಎಡಿಎಚ್‌ಡಿ ಎಂದು ಹೆಸರು ಹೇಳಿ, ಬೆಳಿಗ್ಗೆ ತಿಂಡಿಯ ಜೊತೆ ಒಂದು ಗೋಲಿ ಬರೆದರು. ಶಾಲೆಯಿಂದ ದೂರು ಬರುವುದು ನಿಂತಿತು. ಮೂರು ತಿಂಗಳಿಗೊಮ್ಮೆ ಮಗುವನ್ನು ಕರೆತನ್ನಿ ಎಂದಿದ್ದರು. ಮೊದಮೊದಲು ಕರೆದೊಯ್ದೆ. ಆಮೇಲೆ ಮಗುವಿನ ಬದಲು ಹಳೆಯ ಚೀಟಿಯನ್ನಷ್ಟೇ ಒಯ್ಯತೊಡಗಿದೆ. ಅವರು ಗದರಿದರೆ ಅವಳಿಗೆ ಪರೀಕ್ಷೆ ಇದೆ ಎನ್ನುತ್ತಿದ್ದೆ. ಹೇಗಿದ್ದಾಳೆ ಎಂದರೆ "ಹೋದ ಸಲದ ಹಾಗೇ ಇದ್ದಾಳೆ ಮೇಡಂ" ಎನ್ನುತ್ತಿದ್ದೆ. ಒಂದು ವರ್ಷದಲ್ಲಿ ಅವಳ ಸ್ಕರ್ಟಿನ ಅಂಚನ್ನು ಶೈಲಾ ಮೂರು ಸಲ ಬಿಚ್ಚಿ ಇಳಿಸಿದ್ದಳು. ಚಪ್ಪಲಿ ಎರಡು ಸಲ ಬದಲಾಗಿತ್ತು. ನನ್ನ ಬಾಯಲ್ಲಿ ಮಾತ್ರ ಅವಳು ಹೋದ ಸಲದ ಹಾಗೇ ಇದ್ದಳು.

ಶೈಲಾ ಕಾರ್ಖಾನೆಯ ಪ್ಯಾಕಿಂಗ್ ಕೆಲಸದಿಂದ ಬರುವುದು ಐದೂವರೆಗೆ. ಹಾಗಾಗಿ ಪಲ್ಲವಿ ಐದನೇ ಇಯತ್ತೆಗೆ ಬಂದ ಮೇಲೆ ಶಾಲೆ, ಟ್ಯೂಷನ್ ಮುಗಿಸಿ ನಾಲ್ಕಕ್ಕೆ ನನ್ನ ಕೋಣೆಗೆ ಬಂದು ಕೂರುತ್ತಿದ್ದಳು. ಕೂರುತ್ತಿದ್ದಳು ಎಂಬುದು ಮಾತಿಗೆ.

ಆ ದಿನ ಗಾಳಿ ಜೋರಿತ್ತು. ನನ್ನ ಕೈಯಿಂದ ಒಂದು ಚೀಟಿ ಕಿಟಕಿಯಾಚೆ ಹಾರಿತು. "ಅಪ್ಪಾ, ನಾ ತರ್ತೇನಿ!" ಎಂದದ್ದು ಕೇಳಿಸಿತು, ಅಷ್ಟರಲ್ಲಿ ಸ್ಟೂಲು ಖಾಲಿ. ಚೀಟಿ ಕಟ್ಟೆಯ ನಡುವೆ ಬಿದ್ದಿತ್ತು. ಅವಳು ಅದರ ಮೇಲೆ ಬಾಗಿದ್ದಳು. ಆಚೆ ಬದಿಯಿಂದ ತುಂಬಿದ ಲಾರಿಯೊಂದು ಏರಿ ಬರುತ್ತಿತ್ತು! ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಬ್ರೇಕು ಕಿರುಚಿತು, ಕೆಂಪು ಧೂಳು ಎದ್ದಿತು. ಮುಂದಿನ ಟೈರು ಹಾಸಿನ ಅಂಚಿಗೆ ಬಂದು ನಿಂತಿತು. ಧೂಳಿನೊಳಗಿಂದ ಒಂದು ಕೈ ಮೇಲೆದ್ದಿತು. "ಸಿಕ್ತಪ್ಪಾ!"

ಇಲ್ಲಿ ಒಂದು ತಪ್ಪೊಪ್ಪಿಗೆ. ಆಗ ನಾನು ಮಗಳ ಕಡೆ ಓಡಲಿಲ್ಲ. ನನ್ನ ಕಣ್ಣು ಕೆಂಪು ಅಂಕಿಯ ಮೇಲೆ ನೆಟ್ಟಿತ್ತು. ಕಟ್ಟೆಯ ಮೇಲೆ ಅವಳೊಬ್ಬಳೇ ಇದ್ದಳು. ಅಂಕಿ ಮೂವತ್ತು ಎನ್ನುತ್ತಿತ್ತು. ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಇಪ್ಪತ್ನಾಲ್ಕಿತ್ತು.

ಲಾರಿಯಿಂದ ಇಳಿದವನು ಇಂಡಿ ತಾಲೂಕಿನ ದಸ್ತಗೀರ, ದಿನಾ ಬರುವ ಡ್ರೈವರು. "ಸಾಹೇಬ್ರ, ಬ್ರೇಕ್ ಒತ್ತಿದ್ದು ನಾ ಅಲ್ರಿ, ಮ್ಯಾಲಿನ ಅಲ್ಲಾ! ನೀವೇನ್ರಿ ಒಳಗ ಗೊಂಬಿ ಹಂಗ ನಿಂತೀರಿ? ಮಗಳ್ನ ತೂಕ ಮಾಡಾಕತ್ತೀರೇನು?" ಎಂದ. ಅವನು ಬೈದದ್ದು ಸಿಟ್ಟಿಗೆ. ಅದು ಖರೇ ಎಂದು ಅವನಿಗೆ ಗೊತ್ತಿರಲಿಲ್ಲ. ಇವತ್ತಿಗೂ ಊಟಕ್ಕೆ ಕುಳಿತಾಗ ಆ ಲಾರಿ ಬರುತ್ತದೆ. ನೆನಪಿನಲ್ಲಿ ಪ್ರತಿ ಸಲವೂ ಒಂದು ಗೇಣು ಮುಂದೆ ಬಂದು ನಿಲ್ಲುತ್ತದೆ.

ಮರುದಿನವೇ ಆಸ್ಪತ್ರೆಗೆ ಓಡಿದೆವು. ನಾನು ಲೆಕ್ಕ ಮಾಡಿಕೊಂಡೇ ಹೋಗಿದ್ದೆ. "ಇಪ್ಪತ್ನಾಲ್ಕು ಕಿಲೋಗೆ ಒಂದು ಗೋಲಿಯಾದರೆ ಮೂವತ್ತಕ್ಕೆ ಒಂದೂಕಾಲು, ಮೇಡಂ."

ಡಾಕ್ಟರಮ್ಮ ಕಾರವಾರದ ಕಡೆಯವರು. "ಇದು ಲಾರಿ ಲೋಡಲ್ಲ ಮಾರಾಯ್ರೆ" ಎಂದು, ಅವಳ ಎತ್ತರ, ತೂಕ, ನಾಡಿ, ರಕ್ತದೊತ್ತಡ ಎಲ್ಲ ನೋಡಿದರು. ಆಮೇಲೆ ನನ್ನ ಬಿಟ್ಟು ಅವಳನ್ನೇ ಕೇಳಿದರು, ದಿನ ಹೇಗೆ ಹೋಗ್ತದೆ ಎಂದು.

"ಮುಂಜಾನಿ ಚಲೋ ಇರತೈತ್ರಿ. ಊಟ ಆದಮ್ಯಾಲ ತಲ್ಯಾಗ ಎಲ್ಲಾ ಫ್ಯಾನು ಒಮ್ಮೆಲೇ ಚಾಲೂ ಆಗತಾವು."

"ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಿ?"

"ಅಪ್ಪ ನನ್ನ ಕರ್ಕೊಂಡ ಬರಲಿಲ್ಲಲ್ರಿ."

ನಾನು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

"ಮಗು ತೂಕದಲ್ಲಿ ಮಾತ್ರ ಬೆಳೆಯೋದಲ್ಲ" ಎಂದರು ಅವರು. "ಅದರ ದಿನವೂ ಉದ್ದ ಆಗ್ತದೆ. ಆಗ ಶಾಲೆ ಬಿಟ್ಟರೆ ಆಟ. ಈಗ ಟ್ಯೂಷನ್ ಉಂಟು, ರಸ್ತೆ ಉಂಟು, ನಿಮ್ಮ ಲಾರಿ ಉಂಟು. ಗೋಲಿಯ ಶಕ್ತಿ ಮಾತ್ರ ಮಧ್ಯಾಹ್ನಕ್ಕೇ ಮುಗೀತದೆ." ಬೆಳಗಿನದನ್ನು ಹಾಗೇ ಇಟ್ಟು, ಊಟದ ಹೊತ್ತಿಗೆ ಒಂದು ಚಿಕ್ಕ ಪ್ರಮಾಣ ಬರೆದರು. ಹಸಿವು, ನಿದ್ದೆ, ಕೂತಲ್ಲಿಂದ ಎಷ್ಟು ಸಲ ಎದ್ದಳು ಎಂಬುದನ್ನು ಎರಡು ವಾರ ಪುಸ್ತಕದಲ್ಲಿ ಬರೆಯಬೇಕು. ನೋಡಿ ಮುಂದೆ ಹೆಚ್ಚು ಕಡಿಮೆ ಮಾಡೋಣ ಎಂದರು. ನಾನು ಜೇಬಿನ ಪೆನ್ನಿಗೆ ಕೈ ಹಾಕಿದೆ. ಅವರು ಪುಸ್ತಕವನ್ನು ಪಲ್ಲವಿಯ ಕೈಗೆ ಕೊಟ್ಟರು. ಹದಿನಾಲ್ಕು ವರ್ಷದಿಂದ ತೂಗುತ್ತಿರುವವನ ಎದುರಿಗೇ!

ಶೈಲಾ ಮನೆಯಲ್ಲಿ ಕೇಳಿ ನಕ್ಕಳು. "ಚಲೋ ಆತು ಬಿಡ್ರಿ. ಪುಸ್ತಕ ನಿಮ್ಮ ಕೈಗೆ ಕೊಟ್ಟಿದ್ರ ಹೋದ ಸಲದ ಹಾಂಗ ಅಂತ ಬರೀತಿದ್ರಿ."

ಎರಡು ವಾರದ ನಂತರ ಡಾಕ್ಟರಮ್ಮ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು. "ನಾಲ್ಕು ಹತ್ತು. ನಾನು ಗಣಿತ ಮಾಡಿದೆ. ಅಪ್ಪ ಎದ್ದ. ನಾಲ್ಕು ಹದಿನೈದು. ಲಾರಿ ಬಂತು, ಅಪ್ಪ ಎದ್ದ, ಕೂತೀ ಏನವಾ ಅಂತ ಕೇಳಿದ. ನಾ ಕೂತಿದ್ದೆ. ನಾಲ್ಕು ಇಪ್ಪತ್ತು. ಅಪ್ಪ ನನ್ನ ರಟ್ಟಿ ಹಿಡಕೊಂಡು ಚೀಟಿ ಹರಿದ." ಪುಟ ತಿರುವಿದರು. ಮುಂದಿನದರಲ್ಲೂ ಬಹುಪಾಲು ನಾನೇ ಇದ್ದೆ. ಅವರು ನಗಲಿಲ್ಲ. ಅವಳ ನಿದ್ದೆ, ಹಸಿವು ಕೇಳಿ, ಈ ಪ್ರಮಾಣ ಒಪ್ಪಿದೆ, ಸದ್ಯಕ್ಕೆ ಇಷ್ಟೇ ಇರಲಿ, ಆದರೆ ಪ್ರತಿ ಸಲವೂ ಇವಳೇ ಬರಬೇಕು ಎಂದು ಬರೆದರು.

ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆಯಿತು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ, "ಕೂತ್ಕೊಳ್ಳಿ" ಎಂದರು. ಪಲ್ಲವಿ ಕುರ್ಚಿಯಲ್ಲಿ ಕಾಲು ಜೋಡಿಸಿ ಕೂತೇ ಇದ್ದಳು. ಬಾಗಿಲಿಗೆ ಅಡ್ಡವಾಗಿ, ಎರಡೂ ಕೈ ಚಾಚಿ ನಿಂತಿದ್ದವನು ನಾನು.