ಗರಗರ ನಿಂತ ಭಾನುವಾರ

“ಇನ್ನೊಂದು ಸಲ ಈ ಕನೆಕ್ಷನ್ ಕಡಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ!” ಎಂದು ಮಹಾಲಿಂಗ ಗುಡುಗಿದ. ಕೇಳಿಸಿಕೊಳ್ಳಲು ಮನೆಯಲ್ಲಿ ಕಂಪ್ಯೂಟರ್ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಅವನು ಪುಣೆಯಲ್ಲಿ ಗುಮಾಸ್ತ. ಮದುವೆಯಾಗಿ ಆರೇ ತಿಂಗಳಾಗಿದ್ದ ಹೆಂಡತಿ ಮಾಯಾ ಗುಲಬರ್ಗಾದಲ್ಲಿ ಟೀಚರ್. ಫೋನ್ ಮಾಡಿದರೆ ಲೈನಿನ ಗರಗರದಲ್ಲಿ “ಊಟ ಆತೇನ್ರಿ?” ಎಂಬುದೊಂದು ಮಾತ್ರ ಹೇಗೋ ದಾಟಿ ಬರುತ್ತಿತ್ತು. ಅದಕ್ಕೇ ಇಮೇಲಿನ ಮಹಾಯಜ್ಞ! ಆದರೆ ಇಮೇಲ್ ಬರಬೇಕಾದದ್ದೂ ಅದೇ ದರಿದ್ರ ಲೈನಿನಲ್ಲಿ ತಾನೆ? ಮೋಡೆಮ್ ಕೀ ಎಂದು ಕಿರುಚಿ, ಕೊರ್ ಎಂದು ಕೆಮ್ಮಿ, ಕನೆಕ್ಷನ್ ಸಿಕ್ಕಿತು ಅನ್ನುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು.

ಕಂಪ್ಯೂಟರ್ ಅಂಗಡಿಯ ಸ್ವಪ್ನಿಲ್ ಮಂತ್ರೋಪದೇಶ ಮಾಡಿದ: “ಕಾಕಾ, ಸ್ಪೀಡ್ ಕಮೀ ಕರಾ. ಆಣಿ ಕಾಲ್ ವೇಟಿಂಗ್ ಬಂದ್ ಕರಾ!”

ವೇಗ ಇಳಿಸಬೇಕು. ನಡುವೆ ಬೇರೆ ಯಾರಾದರೂ ಫೋನ್ ಮಾಡಿದರೆ ಬೀಪ್ ಎಂದು ತಿಳಿಸುವ ಸೌಲಭ್ಯವನ್ನು ತೆಗೆಸಬೇಕು. ಆ ಬೀಪೇ ಮೋಡೆಮಿನ ಕುತ್ತಿಗೆ ಹಿಸುಕುವುದಂತೆ. ಮಹಾಲಿಂಗ ಎರಡನ್ನೂ ಮಾಡಿ, ಫೋನಿನ ಹಳೆಯ ವೈರನ್ನೂ ಬದಲಿಸಿದ.

“ಪುಣೆಗೆ ಬರೋದು ಇನ್ನೂ ಪಕ್ಕಾ ಇಲ್ಲ, ಐತವಾರ ತಿಳಸ್ತೀನಿ” ಎಂದು ಮಾಯಾ ಬರೆದಿದ್ದಳು. ಭಾನುವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವನು ಇಂಟರ್ನೆಟ್ಟಿಗೆ ಅಂಟಿಕೊಂಡ. ಆಹಾ, ಬಂಡೆಯಂಥ ಕನೆಕ್ಷನ್! ಒಲೆಯ ಮೇಲೆ ಉಪ್ಪಿಟ್ಟು ಸೀದಿತು, ಕಡಿಯಲಿಲ್ಲ. ಪಕ್ಕದ ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ನಗುತ್ತ ಸಿಂಹಗಡಕ್ಕೆ ಹೊರಟರು, ಕಡಿಯಲಿಲ್ಲ. ಆದರೆ ಎಷ್ಟು ಸಲ ನೋಡಿದರೂ ಮೇಲ್ ಪೆಟ್ಟಿಗೆ ಖಾಲಿ! ಮಾಯಾ ತನ್ನನ್ನು ಮರೆತೇಬಿಟ್ಟಳೇನೋ ಅನ್ನಿಸಿ ಅವನಿಗೆ ನಿಜಕ್ಕೂ ಅಳು ಬಂತು. ಸೀದ ಉಪ್ಪಿಟ್ಟನ್ನೇ ಕೆರೆದು ಒಬ್ಬನೇ ತಿಂದ.

ಮಧ್ಯಾಹ್ನ ಕರೆಂಟು ಹೋಯಿತು. ಮೋಡೆಮ್ ಕಣ್ಣು ಮುಚ್ಚಿದ್ದೇ ತಡ, ಫೋನ್ ಹೊಡೆದುಕೊಂಡಿತು.

“ಮುಂಜಾನಿಂದ ಯಾರ ಜೋಡಿ ಮಾತಾಡ್ಲಕತ್ತೀರಿ?” ಮಾಯಾಳ ದನಿ ಗಂಟೆ ಬಾರಿಸಿದಂತೆ ಸ್ವಚ್ಛವಾಗಿತ್ತು.

“ಯಾರ ಜೋಡೀನೂ ಇಲ್ಲ ಮಾರಾಯ್ತಿ! ನಿನ್ನ ಮೇಲ್ ಕಾಯ್ಲಕತ್ತೀನಿ. ಎಲ್ಲಿದ್ದಿ?”

“ದೌಂಡ ಸ್ಟೇಷನ್‌ದಾಗ.”

“ದೌಂಡ? ಇಲ್ಲೇ ಪುಣೆ ಮಗ್ಗಲಾಗ?”

“ಅವ್ವ ಒಮ್ಮಿಗ್ಲೇ ಜೇಜುರಿ ದೇವರಿಗಿ ಹೋಗೂಣು ಅಂದಳು. ನಿಮ್ಮನ್ನೂ ಅಲ್ಲಿಗೇ ಕರೀಬೇಕಂತ ಮುಂಜಾನಿ ಗಾಡಿ ಇಳಿದಾಗಿಂದ ಫೋನ್ ಮಾಡೀನ್ರಿ, ಯಾವಾಗ ಮಾಡಿದ್ರೂ ಎಂಗೇಜ್! ಕಡೀಕ ನಾವಿಬ್ರೇ ಹೋಗಿ ಬಂದ್ವಿ. ಹೊಸದಾಗಿ ಲಗ್ನಾದವ್ರು ಅಲ್ಲಿ ಹೇಣ್ತಿನ್ನ ಎತ್ಕೊಂಡು ಐದು ಮೆಟ್ಲ ಏರಬೇಕಂತ.”

“ಮತ್ತ… ನೀ ಹೆಂಗ ಏರಿದಿ?”

“ಅವ್ವ ಕೈ ಹಿಡದು ಎಳದಳು.”

“ಅಲ್ಲೇ ನಿಲ್ಲು, ಈಗ ಬಂದೆ!”

“ಗುಲಬರ್ಗಾದ ಗಾಡಿ ಬಂತ್ರಿ. ನಾಳಿ ಸಾಲಿ ಅದ.” ಅವಳು ಅವಸರದಲ್ಲೇ ಕೇಳಿದಳು, “ಏನೋ ಕನೆಕ್ಷನ್ ಗಟ್ಟಿ ಮಾಡ್ಲಕತ್ತೀನಿ ಅಂದಿದ್ರಲ್ಲ, ಆತೇನು?”

ಮಹಾಲಿಂಗ ಆರಿಹೋದ ಮೋಡೆಮಿನ ಕಡೆ ನೋಡಿದ.

“ಆತು. ಭಾಳ ಗಟ್ಟಿ ಆಗ್ಯದ. ಮುಂಜಾನಿಂದ ಒಮ್ಮಿನೂ ಕಡೀಲಿಲ್ಲ.”