ದಾಖಲಾಗದೆ ಉಳಿದ ಹದಿನಾಲ್ಕು ದಿನಗಳ ಶಿಕ್ಷೆಯ ಕುರಿತು

ಇಂದ:
ಹನುಮಪ್ಪ, ಮಾಜಿ ಹವಾಲ್ದಾರ,
ಬೆಂಗೇರಿ, ಹುಬ್ಬಳ್ಳಿ.

ಗೆ:
ಮಾನ್ಯ ದಾಖಲೆ ಅಧಿಕಾರಿಗಳು,
ನಾನಿದ್ದ ಪಲ್ಟನ್ನಿನ ದಾಖಲೆ ಕಚೇರಿ.

ವಿಷಯ: 1983ರಲ್ಲಿ ನಾನು ಅನುಭವಿಸಿದ ಶಿಕ್ಷೆಯನ್ನು ಈಗಲಾದರೂ ಕೆಂಪು ಶಾಯಿಯಲ್ಲಿ ಬರೆದುಕೊಳ್ಳುವ ಬಗ್ಗೆ.

ಉಲ್ಲೇಖ: 1) ತಾವು ಕಳಿಸಿದ ನನ್ನ ಸೇವಾ ದಾಖಲೆಯ ನಕಲು.
2) ಅದು ಬಂದಂದಿನಿಂದ ನನ್ನ ಪತ್ನಿ ಶೇವಂತೆವ್ವಳಿಗೆ ಊಟ ಸೇರದಿರುವುದು.

ಮಾನ್ಯರೇ,

ಶಿಕ್ಷೆ ತೆಗೆದುಹಾಕಿರೆಂದು ಬೇಡುವವರ ಅರ್ಜಿಗಳು ತಮಗೆ ದಿನಾ ಬರುತ್ತಿರಬಹುದು. ನನ್ನದು ಉಲ್ಟಾ. ಆದ ಶಿಕ್ಷೆಯನ್ನು ಸೇರಿಸಿರೆಂದು ಕೇಳುತ್ತಿದ್ದೇನೆ. ವಯಸ್ಸು ಅರವತ್ತೇಳು, ತಲೆ ನೆಟ್ಟಗಿದೆ.

1. ಪಿಂಚಣಿ ಕಾಗದದಲ್ಲಿ ಪತ್ನಿಯ ಹೆಸರು ತಪ್ಪಾಗಿದ್ದ ಕಾರಣ, ಧಾರವಾಡದಲ್ಲಿ ಶಿಕ್ಷಕಿಯಾಗಿರುವ ಮಗಳು ಯಶೋಧರಾ ಸದರಿ ನಕಲನ್ನು ತರಿಸಿದಳು. ಫೌಜಿನಲ್ಲಿ ಶಿಕ್ಷೆಗಳನ್ನೂ ಮೊಟಕು ಮಾಡಿ, ದೊಡ್ಡವನ್ನು ಕೆಂಪು ಶಾಯಿಯಲ್ಲಿ ಬರೆಯುವುದರಿಂದ, ಏನು ಹುಡುಕಬೇಕೆಂದು ನಾನೇ ಹುರುಪಿನಿಂದ ಪಾಠ ಮಾಡಿದೆ. ಎಸ್.ಆರ್. ಎಂದರೆ ಸಾಹೇಬರ ಖಡಕ್ ಎಚ್ಚರಿಕೆ. ಓ.ಎಸ್.ಎಲ್. ಎಂದರೆ ರಜೆ ಮುಗಿದರೂ ಮನೆಯಲ್ಲೇ ಕೂತದ್ದು. ಒಂಬತ್ತು ದಿನ ಹಾಗೆ ಕೂತು, ಹದಿನಾಲ್ಕು ದಿನ ಶಿಕ್ಷೆ ಉಂಡವನು ನಾನು. ಈ ಒಂದು ಶಿಕ್ಷೆಯ ಬಲದ ಮೇಲೆ ನಲವತ್ತು ವರ್ಷ ಮನೆಯಲ್ಲಿ ಉಂಡ ತಾಟು ಎತ್ತಿಲ್ಲ.

2. ಓ.ಎಸ್.ಎಲ್. ಸಿಗಲಿಲ್ಲ. ಸಿಕ್ಕಿದ್ದು ಹೀಗಿದೆ: "ಇ.ಡಿ. 3, ಬ್ಯಾರಕಿನಲ್ಲಿ ಪರವಾನಿಗೆಯಿಲ್ಲದೆ ಸ್ಟೋವ್ ಹಚ್ಚಿ ಮಿರ್ಚಿ ಭಜಿ ಕರಿದದ್ದು." ಇದು ಈಗ ದೊಡ್ಡವರೆಲ್ಲ ಹೆದರುವ ಇ.ಡಿ. ಅಲ್ಲ, ಮೂರು ದಿನದ ಹೆಚ್ಚುವರಿ ಕೆಲಸ. ಒಲೆ ಹಚ್ಚಲೂ ಬಾರದೆಂದು ಹೇಳಿಕೊಂಡು ಬಂದಿದ್ದ ನನ್ನ ಮರ್ಯಾದೆ ಅಲ್ಲಿಗೆ ಮುಗಿಯಿತು.

"ಅಪ್ಪಾ, ಎಷ್ಟ ಮಂದಿಗಿ ಕರದಿದ್ರಿ?" ಎಂದು ಯಶೋಧರಾ ಕೇಳಿದಳು. ಇಡೀ ಪ್ಲಟೂನಿಗೆ ಎಂದು ಒಪ್ಪಿಕೊಂಡೆ. ಆದ್ದರಿಂದ ರವಿವಾರದ ಭಜಿ ಈಗ ನನ್ನ ಪಾಲಿಗಿದೆ. ಈ ಬಗ್ಗೆ ನನ್ನ ತಕರಾರಿಲ್ಲ.

3. ತಕರಾರಿರುವುದು ಶೇವಂತೆವ್ವ ನಗದೇ ಇದ್ದುದರ ಬಗ್ಗೆ. "ಇನ್ನೊಮ್ಮೆ ನೋಡವಾ. ಎಂಬತ್ಮೂರರಾಗ ಇರಬೇಕು" ಎಂದಳು. ಮೂರು ಸಲ ನೋಡಿದರೂ ಇರಲಿಲ್ಲವಾದ ಕಾರಣ ಎದ್ದು ಅಡುಗೆಮನೆಗೆ ಹೋದಳು. ಸುಳ್ಳುಗಾರನೆಂದು ಬೈಯುತ್ತಾಳೆಂದು ತಿಳಿದು ನಾನೂ ಹಿಂದೆಯೇ ಹೋದೆ.

"ನೀವು ಸುಳ್ಳ ಹೇಳೀರಿ ಅಂತಲ್ಲರಿ," ಎಂದಳು. "ಮನ್ಯಾಗ ಹುಟ್ಟಿ ಮನ್ಯಾಗ ಹೋದ ಕೂಸು. ಹೆಸರಿಲ್ಲ, ಫೋಟೋ ಇಲ್ಲ. ನಿಮ್ಮ ಶಿಕ್ಷಾದ ಕಾಗದದಾಗರ ಐತಿ ಅನಕೊಂಡಿದ್ದೆ."

4. ಸದರಿ ಕೂಸು ನಮ್ಮ ಚೊಚ್ಚಲ ಮಗ. ನನ್ನ ರಜೆ ಮುಗಿದ ದಿನವೇ ಹುಟ್ಟಿದ. ಉಸಿರಾಡಲು ಕಷ್ಟಪಡುತ್ತಿದ್ದ. ಬಿಟ್ಟು ಹೋಗಲು ಕಾಲು ಏಳಲಿಲ್ಲ. ಒಂಬತ್ತನೆಯ ದಿನ ಮಣ್ಣು ಮಾಡಿ, ಮರುದಿನ ರೈಲು ಹತ್ತಿದೆ. ಮುಂದೆ ಮನೆಯಲ್ಲಿ ಅವನ ಮಾತು ಬಂದಾಗಲೆಲ್ಲ ನಾನು ಶಿಕ್ಷೆಯ ಮಾತನ್ನೇ ಆಡಿದೆ. ಮಗನ ಬಗ್ಗೆ ಮಾತಾಡುವ ಧೈರ್ಯ ನನಗಿರಲಿಲ್ಲ.

5. ಶಿಕ್ಷೆ ಎಲ್ಲಿ ಹೋಯಿತೆಂದು ಅಂದಿನ ನಮ್ಮ ಸುಬೇದಾರರನ್ನೇ, ಈಗ ಕಮರಿಪೇಟೆಯಲ್ಲಿರುವ ಮಕಬೂಲಸಾಬರನ್ನು, ವಿಚಾರಿಸಿದೆ. ಬೆನ್ನಿಗೆ ಪೂರ್ತಿ ಸಾಮಾನು ಹೊರಿಸಿ ಹದಿನಾಲ್ಕು ಮಧ್ಯಾಹ್ನ ಮೈದಾನ ಸುತ್ತಿಸಿದ್ದು, ಅಂದರೆ ನಾವು ಪಿಟ್ಠು ಪರೇಡ್ ಎನ್ನುವುದು, ನಿಜವೆಂದು ಒಪ್ಪಿದರು. ಆದರೆ ಕಾಗದಕ್ಕೆ ಹತ್ತಿಸಿರಲಿಲ್ಲ.

"ಬರೆದಿದ್ರ ನಿನ್ನ ಬಡ್ತಿ ಹೋಗ್ತಿತ್ತೋ ಹನುಮಪ್ಪಾ," ಎಂದರು. "ಕೂಸ ಕಳಕೊಂಡ ಬಂದಾಂವಗ ಕೆಂಪ ಶಾಯಿ ಹೆಂಗ ಹಾಕಲಿ?"

ಅವರ ಈ ಉಪಕಾರದ ಕಾರಣ ನಾನು ಹವಾಲ್ದಾರನಾದೆ. ನನ್ನ ಮಗನಿಗೆ ಒಂದು ಸಾಲೂ ಸಿಗಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನನ್ನ ದಾಖಲೆಯಲ್ಲಿ "ಓ.ಎಸ್.ಎಲ್. 9" ಎಂದು ನಮೂದಿಸಬೇಕು. ಬಡ್ತಿ ವಾಪಸ್ ಪಡೆದರೂ ಅಭ್ಯಂತರವಿಲ್ಲ. ಕಾರಣದ ಕಾಲಮ್ಮಿನಲ್ಲಿ "ಗಂಡು ಮಗು ಹುಟ್ಟಿತ್ತು, ಒಂಬತ್ತು ದಿನ ಇತ್ತು" ಎಂದು ಬರೆಯಬೇಕು. ಇದೊಂದನ್ನು ಮಾತ್ರ ಮೊಟಕು ಮಾಡದೆ ಪೂರ್ತಿ ಬರೆಯಬೇಕೆಂದು ಶೇವಂತೆವ್ವಳ ಕೋರಿಕೆ.

ಶಿಕ್ಷೆಗೆ ಈಗಲೂ ಹಾಜರಿರುವ, ತಮ್ಮ ವಿಶ್ವಾಸಿ,
ಹನುಮಪ್ಪ

ಲಗತ್ತುಗಳು:
1. ಸೇವಾ ದಾಖಲೆಯ ನಕಲು (ಭಜಿಯ ಪುಟ ಸಹಿತ).
2. ಮಕಬೂಲಸಾಬರ ಹೇಳಿಕೆ, ಸಹಿಯೊಂದಿಗೆ.
3. ಮಗುವಿನ ಜನನ ಪ್ರಮಾಣಪತ್ರ: ಇಲ್ಲ. ತಾವು ಬರೆದುಕೊಟ್ಟರೆ ಅದೇ ಆಗುತ್ತದೆ.