ನಾಲ್ಕು ಸಾಕ್ಷಿ ಮತ್ತು ಕುಬೇರಪ್ಪನ ಮೀಸೆ

ಕುಬೇರಪ್ಪನ ಮೀಸೆಗೆ ಕುತ್ತು ಬಂದದ್ದು ಒಂದು ಮೆಣಸಿನಕಾಯಿ ಬಜಿಯಿಂದ. ಬಜಿಯ ತಪ್ಪೇನೂ ಇರಲಿಲ್ಲ, ತಪ್ಪು ಅದನ್ನು ಕಟ್ಟಿಕೊಟ್ಟ ಹಳೆಯ ಪತ್ರಿಕೆಯದು. "ಯೇಸು ಕ್ರಿಸ್ತ ನಿಜವಾಗಿ ಇದ್ದನೇ?" ಎಂಬ ದಪ್ಪ ತಲೆಬರಹದ ಕೆಳಗೆ ಎರಡು ಕಾಲಂ ಬರಹವಿತ್ತು. ಕೊನೆಗೆ, "ಬಹುತೇಕ ಇತಿಹಾಸಕಾರರು ಒಪ್ಪುವುದೇನೆಂದರೆ" ಎಂಬಲ್ಲಿಗೆ ಹಾಳೆ ಹರಿದಿತ್ತು. ಅವರು ಒಪ್ಪಿದ್ದೇನು ಎಂಬುದು ಬೇರೆ ಯಾರದೋ ಬಜಿಯ ಜೊತೆ ಹೋಗಿಬಿಟ್ಟಿತ್ತು.

ಕುಬೇರಪ್ಪ ಲಕ್ಷ್ಮೇಶ್ವರದಲ್ಲಿ ಅರ್ಜಿ ಬರೆದುಕೊಡುವವ. ಓಣಿಯ ಬಾಯಿಯಲ್ಲಿರುವ ಬೇವಿನ ಮರದ ಕೆಳಗೆ ಅವನ ಮೇಜು. ಒಂದು ಪಕ್ಕ ಕೊಟ್ರಪ್ಪನ ಬಜಿ ಅಂಗಡಿ, ಇನ್ನೊಂದು ಪಕ್ಕ ಅಯ್ಯೂಬನ ಹೊಲಿಗೆ ಯಂತ್ರ. ಇಪ್ಪತ್ತೆಂಟು ವರ್ಷ ಊರವರ ಹುಟ್ಟು, ಸಾವು, ಹೊಲ, ಮನೆ ಬರೆದೂ ಬರೆದೂ, ಕಾಗದದಲ್ಲಿ ಇರುವುದಷ್ಟೇ ಜಗತ್ತು, ಮಿಕ್ಕದ್ದು ಬರೀ ಮಾತು ಎಂದು ಅವನು ನಂಬಿಬಿಟ್ಟಿದ್ದ. ಗದಗ ಹೊಸ ಜಿಲ್ಲೆಯಾದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಧಾರವಾಡ ಎಂದಿದ್ದಲ್ಲೆಲ್ಲ ಗದಗ ಎಂದು ತಿದ್ದಿಸಿಕೊಳ್ಳಲು ಜನ ಅವನ ಮೇಜಿನ ಮುಂದೆ ಸಾಲುಗಟ್ಟುತ್ತಿದ್ದರು. ಇನ್ನು ಅವನ ಮೀಸೆ. ಓಣಿಯ ತಿರುವಿನಲ್ಲಿ ಮೊದಲು ಅದು ಬರುತ್ತಿತ್ತು, ಅದರ ಹಿಂದಿನಿಂದ ಕುಬೇರಪ್ಪ.

"ನೋಡ್ರಿಲ್ಲೆ," ಎಂದು ಅವನು ಎಣ್ಣೆ ಹತ್ತಿದ ಹಾಳೆಯನ್ನು ಮೇಜಿನ ಮೇಲೆ ಹರವಿದ. "ಯೇಸು ಇದ್ದ ಅನ್ನಾಕ ಕೈಯಾಗ ಹಿಡಿಯೂವಂಥಾ ಒಂದ ಕಾಗದ ಇಲ್ಲ. ತಾನಾಗಿ ಒಂದ ಅಕ್ಷರ ಬರದಿಲ್ಲ. ಆಮ್ಯಾಲ ನಾಕ ಮಂದಿ ಬರದಾರಂತ, ಅವರೂ ನಾಕ ನಮೂನಿ ಬರದಾರ."

ಅಯ್ಯೂಬ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿದ. "ಹಂಗ ಅನಬ್ಯಾಡ್ರಿ ಕುಬೇರಣ್ಣ. ನಾವು ಅವರಿಗೆ ಈಸಾ ಪೈಗಂಬರ ಅಂತೀವಿ. ಇದ್ರು. ಮತ್ತ ಬರ್ತಾರ ಅಂತನೂ ನಂಬೇವಿ."

"ನಂಬಿಗಿ ಬ್ಯಾರೆ, ದಾಖಲಾ ಬ್ಯಾರೆ."

"ನಮ್ಮಜ್ಜಂದೂ ಕಾಗದ ಇಲ್ರಿ. ಅಂವ ಇದ್ದಿದ್ದಿಲ್ಲ ಅಂದ್ರ ನಾ ಎಲ್ಲಿಂದ ಬಂದೆ?"

"ಅದನ್ನೂ ಕಾಗದದಾಗ ತೋರ್ಸು," ಎಂದ ಕುಬೇರಪ್ಪ.

ಕೊಟ್ರಪ್ಪ ಬಾಣಲೆಯಿಂದ ತಲೆ ಎತ್ತಿದ. "ಕಂಡವರ ಮಾತಿಗೆ ಏನೂ ಕಿಮ್ಮತ್ತ ಇಲ್ಲೇನ್ರಿ ಹಂಗಾರ?"

"ನಾಕ ಮಂದಿ ನಾಕ ಥರ ಮಾತಾಡಿದ್ರ ಅದು ಸಾಕ್ಷಿ ಅಲ್ಲೋ, ಸಂತಿ." ಕುಬೇರಪ್ಪ ಮೀಸೆ ತಿರುವಿದ. "ಕಾಗದ ಇಲ್ದ, ಬರೇ ನಾಕ ಮಂದಿ ಬಾಯಿಮಾತಿನ ಮ್ಯಾಲ ಒಬ್ಬ ಮನಿಶ್ಯಾ ಅದಾನ ಅಂತ ಯಾವ ಸರಕಾರಿ ಸಾಹೇಬರ ಒಪ್ಪಲಿ, ಈ ಮೀಸಿ ಬೋಳಿಸ್ತೀನಿ."

ಖರೆ ಹೇಳಬೇಕೆಂದರೆ, ಆ ದಿನ ಅವನ ಲಕ್ಷ್ಯವೆಲ್ಲ ನಳದ ಮೇಲೆ ಇರಬೇಕಾಗಿತ್ತು. ಓಣಿಯ ಮನೆಮನೆಗೆ ನಳ ಬೇಕೆಂದು ಎಲ್ಲರೂ ಸೇರಿ ಅರ್ಜಿ ಕೊಟ್ಟಿದ್ದರು. ಅರ್ಜಿಯನ್ನೂ ಮನೆಗಳ ಯಾದಿಯನ್ನೂ ಬರೆದವನು ಕುಬೇರಪ್ಪನೇ. ಯಾದಿ ತಾಳೆ ನೋಡಲು ಗದಗದಿಂದ ಸಾಹೇಬರು ಬರುವವರಿದ್ದರು, ಸಂಜೆಯೊಳಗೆ ನಳ ಕೂಡಿಸುವವರಿದ್ದರು. ಅವನ ಹೆಂಡತಿ ಅಮೃತವ್ವ ಹತ್ತೊಂಬತ್ತು ವರ್ಷ ದೂರದ ಬೋರಿನಿಂದ ನೀರು ಹೊತ್ತವಳು. ಮುಂಜಾನೆ ಚಹದ ಜೊತೆಗೇ ಒಂದು ಮಾತು ಹೇಳಿದ್ದಳು. "ಇವತ್ತ ನಮ್ಮ ಮನಿಗೆ ನಳ ಬರಲಿಲ್ಲಂದ್ರ, ನೀರ ನೀವ ಹೊರ್ರಿ."

ಹತ್ತು ಗಂಟೆಗೆ ಸಾಹೇಬರು ಬಂದು, ಬೇವಿನ ಕಟ್ಟೆಯ ಮೇಲೆ ನಿಂತು ಯಾದಿ ಓದತೊಡಗಿದರು. ತನ್ನ ಹೆಸರಿಗೆ ಓ ಎನ್ನಲು ಕುಬೇರಪ್ಪ ಅಂಗಿ ಸರಿಮಾಡಿಕೊಂಡ. ಯಾದಿ ಮುಗಿಯಿತು.

"ನಲ್ವತ್ತೆರಡನೇ ಮನಿ ಬಿಟ್ರಿ ಸಾಹೇಬ್ರ."

"ಇಲ್ಲಿ ನಲ್ವತ್ತೊಂದ ಅದಾವ," ಎಂದು ಅವರು ಹಾಳೆ ಮುಂದೆ ಹಿಡಿದರು.

ಅಕ್ಷರ ಕುಬೇರಪ್ಪನವೇ, ಒಂದೊಂದೂ ಮುತ್ತಿನಂಥವು. ಆದರೆ ಅರ್ಜಿ ಬರೆಯುವವ ಇನ್ನೊಬ್ಬರ ಅರ್ಜಿಯಲ್ಲಿ ತನ್ನ ಹೆಸರು ಬರೆಯುವುದಿಲ್ಲ. ಇಪ್ಪತ್ತೆಂಟು ವರ್ಷದ ಆ ರೂಢಿ ಪೆನ್ನನ್ನು ಹಿಡಿದು ನಡೆಸಿತ್ತು. ಓಣಿಯವರನ್ನೆಲ್ಲ ಬರೆದು ಕುಬೇರಪ್ಪ ತನ್ನನ್ನೇ ಬಿಟ್ಟಿದ್ದ.

"ಇದನ್ನ ಬರದವನ ನಾನ ರೀ."

"ನೀವಂದ್ರ ಯಾರು? ಕಾಗದ ತೋರಸ್ರಿ."

ಕಾಗದ ಎಲ್ಲಿಂದ ತರಬೇಕು? ರೇಶನ್ ಕಾರ್ಡಿನಿಂದ ಹಿಡಿದು ಮನೆ ಪತ್ರದವರೆಗೆ ಎಲ್ಲವನ್ನೂ, ಓಣಿಗೆಲ್ಲ ಮೊದಲಿಗನಾಗಿ, ಧಾರವಾಡ ಹೊಡೆದು ಗದಗ ಮಾಡಿಸಲು ಅವನು ರಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಟ್ಟಿದ್ದ. ಗುಂಪಿನ ಹಿಂದೆ ಅಮೃತವ್ವ ಖಾಲಿ ಕೊಡವನ್ನು ಟೊಂಕದಲ್ಲಿಟ್ಟುಕೊಂಡು ನಿಂತಿದ್ದಳು. ಆ ಹೊತ್ತಿಗೆ ಕುಬೇರಪ್ಪನಿಗೆ ಸಾಹೇಬರಿಗಿಂತ ಆ ಕೊಡದ ಅಂಜಿಕೆಯೇ ಹೆಚ್ಚಾಯಿತು.

ಸಾಹೇಬರು ಒಳ್ಳೆಯವರು. "ಓಣ್ಯಾಗಿನ ನಾಕ ಮಂದಿ ಇವರನ್ನ ಬಲ್ಲೆವು ಅಂತ ಹೇಳ್ಲಿ. ಪಂಚನಾಮೆ ಬರಕೊಂಡು ನಲ್ವತ್ತೆರಡನೇದು ಮಂಜೂರ ಮಾಡ್ತೀನಿ," ಎಂದರು.

ಅಯ್ಯೂಬ ಗಂಟಲು ಸರಿಮಾಡಿಕೊಂಡ. "ಬರೇ ಬಾಯಿಮಾತ ಸಾಕೇನ್ರಿ ಸಾಹೇಬ್ರ?"

"ಕಂಡವರು ಹೇಳಿದ್ರ ಸಾಕು."

ಅಯ್ಯೂಬ ಕುಬೇರಪ್ಪನ ಮುಖ ನೋಡಲಿಲ್ಲ, ಮೀಸೆ ನೋಡಿದ. ಕುಬೇರಪ್ಪ ಕೊಡದ ಕಡೆ ನೋಡಿ, "ಬರಕೊಳ್ರಿ," ಎಂದ.

ಅಯ್ಯೂಬ ಮೊದಲು ಹೇಳಿದ. "ಇವರ ಮೂಲ ಶಿಗ್ಲಿ ರೀ. ಇಪ್ಪತ್ತ ವರ್ಷದಿಂದ ನಮ್ಮ ಬಾಜೂಕ ಅದಾರ."

"ಶಿಗ್ಲಿ ಅಲ್ರಿ, ಕುರ್ತಕೋಟಿ," ಎಂದ ಕೊಟ್ರಪ್ಪ. "ಇಲ್ಲಿಗೆ ಬಂದು ಮೂವತ್ತ ವರ್ಷ ಆತು."

ಬಳೆ ಮಾರುವ ಮುದುಕಿ ಗುಲಾಬಬಿ ಇಬ್ಬರನ್ನೂ ಸರಿಸಿ ಮುಂದೆ ಬಂದಳು. "ಇಬ್ಬರಿಗೂ ಏನೂ ಗೊತ್ತಿಲ್ಲ. ಇಂವ ಇಲ್ಲೇ ಹುಟ್ಯಾನ. ಹುಟ್ಟಿದ ದಿನ ಎತ್ತಿಕೊಂಡಾಕಿ ನಾನ."

"ಅಜ್ಜಿ, ಅದು ನಮ್ಮಣ್ಣ," ಎಂದ ಕುಬೇರಪ್ಪ.

"ಸುಮ್ಮಿರೋ. ಹುಟ್ಟಿದ್ದು ನಿನಗೇನ ನೆನಪಿರ್ತೈತಿ."

ಕೊನೆಯವಳು ಎದುರು ಮನೆಯ ಗುರುಸಿದ್ದವ್ವ. "ಊರು ಕೇರಿ ನಾ ಕಾಣೆ ರೀ. ದಿನಾ ಮುಂಜಾನೆದ್ದು ಜೋರಾಗಿ ಪೇಪರ ಓದ್ತಾರ, ನಮ್ಮ ಮನ್ಯಾಗ ಯಾರಿಗೂ ನಿದ್ದಿ ಇಲ್ಲ. ಇಲ್ದ ಮನಿಶ್ಯಾ ಇಷ್ಟ ಒದರ್ತಾನೇನ್ರಿ?"

ಕುಬೇರಪ್ಪನಿಗೆ ತಡೆಯಲಾಗಲಿಲ್ಲ. ಕೇಡು ತನಗೇ ಎಂಬುದನ್ನೂ ಮರೆತು, "ಸಾಹೇಬ್ರ, ನಾಕ ಮಂದಿ ನಾಕ ನಮೂನಿ ಹೇಳಾಕತ್ತಾರ, ಇದನ್ನ ಹೆಂಗ ಬರಕೋತೀರಿ?" ಎಂದ.

"ಅದಕ್ಕ ಖರೆ ಅನಸ್ತೈತಿ," ಎಂದರು ಸಾಹೇಬರು. "ಹೇಳಿಕೊಟ್ಟು ಕರಕೊಂಡ ಬಂದಿದ್ರ ಎಲ್ಲಾರೂ ಒಂದ ಮಾತ ಹೇಳ್ತಿದ್ರು. ಹೆಚ್ಚು ಕಡಿಮಿ ಇರ್ಲಿ, ಮನಿಶ್ಯಾನ್ನಂತೂ ನಾಕೂ ಮಂದಿ ಕಂಡಾರ. ಗುರುತಿಗೆ ಏನ ಬರಿಲಿ?"

"ಮೀಸಿ," ಎಂದರು ನಾಲ್ವರೂ. ಅವರೆಲ್ಲ ಒಪ್ಪಿದ್ದು ಅದೊಂದನ್ನೇ. ಸಾಹೇಬರು ಬರೆದುಕೊಂಡು ರುಜು ಹಾಕಿದರು.

ಕುಬೇರಪ್ಪನಿಗೆ ಬೇರೆ ಏನೇ ಕೊರತೆ ಇರಲಿ, ಮಾತಿಗೆ ತಪ್ಪುವವನಲ್ಲ. ಮಧ್ಯಾಹ್ನ ತಾನೇ ಕಟಿಂಗ್ ಅಂಗಡಿಗೆ ಹೋಗಿ ಕುಳಿತ. ಮೂವತ್ತು ವರ್ಷದ ಮೀಸೆ ಮೂರು ನಿಮಿಷದಲ್ಲಿ ಮಡಿಲಿಗೆ ಬಿತ್ತು. ಮೇಲ್ದುಟಿಗೆ ಗಾಳಿ ತಾಗಿ ಏನೋ ಒಂಥರಾ ಆಯಿತು, ಆದರೆ ಬೇಸರವಾಗಲಿಲ್ಲ. ಮನೆಗೆ ನಳ ಬರುವುದಿತ್ತು. ಸೋತೆ ಎಂದು ಒಪ್ಪಿಕೊಂಡ ಮೇಲೆ ಮನಸ್ಸೂ ಹಗುರಾಗಿತ್ತು. "ಆತೋ ಅಯ್ಯೂಬ, ನಿಮ್ಮ ಈಸಾ ಪೈಗಂಬರರು ಇದ್ರು ಅಂತ ಇಟಗೋ," ಎಂದ. ಅಯ್ಯೂಬ ನಕ್ಕು ಅವನಿಗೆ ಚಹಾ ತರಿಸಿದ. ಬಜಿ ಕೊಟ್ಟದ್ದು ಕೊಟ್ರಪ್ಪ, ಈ ಸಲ ತಾಟಿನಲ್ಲಿ.

ಬಿಸಿಲು ಇಳಿಯುವ ಹೊತ್ತಿಗೆ ನಲ್ವತ್ತೊಂದು ಮನೆಗಳಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಳ ಕೂಡಿಸುವವ ಸಾಮಾನಿನ ಚೀಲ ಹೊತ್ತು ಕುಬೇರಪ್ಪನ ಬಾಗಿಲಿಗೆ ಬಂದ.

"ಕುಬೇರಪ್ಪನವರನ್ನ ಕರೀರಿ."

"ನಾನ ಕುಬೇರಪ್ಪ."

ಅವನು ಕಾಗದ ನೋಡಿದ, ಮುಖ ನೋಡಿದ, ಮತ್ತೆ ಕಾಗದ ನೋಡಿದ. "ಇದರಾಗ ದೊಡ್ಡ ಮೀಸಿ ಅಂತ ಐತಿ. ಯಾದಿಯಾಗ ಇಲ್ಲದ ಮನಿ, ಗುರುತ ನೋಡಿ ಕೂಡ್ಸು ಅಂತ ಸಾಹೇಬರು ಹೇಳ್ಯಾರ."

ಮಂದಿ ಕೂಡಿದರು. ಇವರೇ ಅವರು ಎಂದು ಅಯ್ಯೂಬ ಹೇಳಿದ, ಕೊಟ್ರಪ್ಪ ಹೇಳಿದ, ಹುಟ್ಟಿದ ದಿನ ಎತ್ತಿಕೊಂಡವಳು ತಾನೇ ಎಂದು ಗುಲಾಬಬಿ ಮತ್ತೊಮ್ಮೆ ಹೇಳಿದಳು.

"ಬಾಯಿಮಾತ ನಡಿಯಂಗಿಲ್ರಿ," ಎಂದ ಅವನು. "ಕಾಗದದಾಗ ಇದ್ದಂಗ ಮನಿಶ್ಯಾ ಇರಬೇಕು."

ಕುಬೇರಪ್ಪನಿಗೆ ಸಿಟ್ಟು ಮಾಡಲೂ ಬರಲಿಲ್ಲ. ಇಡೀ ದಿನದಲ್ಲಿ ತನ್ನ ಮತದವನೆಂದು ಸಿಕ್ಕವನು ಇವನೊಬ್ಬನೇ.

ನಳದವ ಚೀಲ ಹೆಗಲಿಗೇರಿಸಿದ. "ಮೀಸಿಯವರು ಬಂದಿಂದ ಹೇಳಿ ಕಳಸ್ರಿ. ಯಾವಾಗ ಬರ್ತಾರ ಅವರು?"

"ಎರಡ ತಿಂಗಳರ ಬೇಕು," ಎಂದ ಅಯ್ಯೂಬ, ಕುಬೇರಪ್ಪನ ಹೆಗಲ ಮೇಲೆ ಕೈಯಿಟ್ಟು. "ಆದ್ರ ಮತ್ತ ಬರ್ತಾರ. ನಾವೆಲ್ಲಾ ನಂಬೇವಿ."

ಅಮೃತವ್ವ ಒಳಗೆ ಹೋಗಿ ಕೊಡ ತಂದು ಗಂಡನ ಕೈಗಿಟ್ಟಳು.

"ಅವರು ಬರೂತನಾ," ಎಂದಳು, "ನೀವ ಹೊರ್ರಿ."